ಸುದ್ದಿ ತಂದವರಿಗೆ ಬೇವು

ನಮ್ಮ ಆಯಿ ಹಾವಿಗೆ ಮಂತ್ರ ಹಾಕುತ್ತಾಳೆ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಆದರೆ ಹಾವು ಕಚ್ಚಿಸಿಕೊಂಡವರು ಅವಳ ಹತ್ತಿರ ಬರುವುದಿಲ್ಲ. ಕಚ್ಚಿದ ಸುದ್ದಿ ತಂದವರು ಬರುತ್ತಾರೆ, ಆಯಿ ಮಂತ್ರ ಹಾಕುವುದು ಅವರಿಗೇ. ಗಾಯ ಬಲಗಾಲಿಗಾಗಿದ್ದರೆ ಸುದ್ದಿ ತಂದವರ ಬಲಗಾಲಿಗೆ ವಿಭೂತಿ ಹಚ್ಚಿ ಮೇಲಿನಿಂದ ಕೆಳಕ್ಕೆ ನೀವುತ್ತಾಳೆ. ಬಾಯಿಗೆ ಬೇವಿನ ಎಲೆ ಕೊಟ್ಟು ‘ಕಹಿ ಐತೇನು?’ ಎಂದು ಕೇಳುತ್ತಾಳೆ. ಕಹಿ ಅನ್ನಿಸಿದರೆ ಅಲ್ಲೆಲ್ಲೋ ಮಲಗಿರುವವರ ಮೈಯಿಂದ ವಿಷ ಇಳಿಯುತ್ತಿದೆ. ಸಪ್ಪೆ ಅನ್ನಿಸಿದರೆ ಏರುತ್ತಿದೆ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲ್ಲಿನ ಗೆಳತಿಯೊಬ್ಬಳಿಗೆ ಇದನ್ನು ಹೇಳಿದ್ದೆ. ಅವಳು ಊಟದ ತಟ್ಟೆ ಕೆಳಗಿಟ್ಟು, “ಅಂದ್ರ ಜ್ವರ ಬಂದದ್ದು ನನಗ, ಗುಳಿಗಿ ನುಂಗೂದು ನೀನು?” ಎಂದು ಕೇಳಿ ನಗತೊಡಗಿದಳು. ನಾನೂ ನಕ್ಕೆ. ಆಮೇಲೆ ಯಾರಿಗೂ ಹೇಳಲು ಹೋಗಲಿಲ್ಲ.

ಇದಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ಹಾವನ್ನು ಕಂಡವರೇ ಸುದ್ದಿ ತರಬೇಕು. ಬರಿಗಾಲಲ್ಲಿ ಬರಬೇಕು, ದಾರಿಯಲ್ಲಿ ಯಾರೊಂದಿಗೂ ಮಾತಾಡಬಾರದು. ಬಂದು ಪಡಸಾಲೆಯ ಕಂಬದ ಬುಡದಲ್ಲಿ ಕೂತ ಮೇಲೆ ಆಯಿಯೊಬ್ಬಳ ಜೊತೆ ಮಾತ್ರ ಮಾತು. ಕಚ್ಚಿಸಿಕೊಂಡವರು ಎದ್ದು ಕೂತರು ಎಂಬ ಸುದ್ದಿ ಬರುವವರೆಗೆ ಏಳುವಂತಿಲ್ಲ. ಇತ್ತ ಸುದ್ದಿ ತಂದವರು ಕೂತರೆಂದರೆ ಅತ್ತ ಕಚ್ಚಿಸಿಕೊಂಡವರನ್ನು ಊರ ನೆಲ ಬಿಡಿಸಬಾರದು, ಹಳ್ಳ ದಾಟಿಸಬಾರದು. ಆಯಿಗೂ ನಿಯಮಗಳಿವೆ. ಬಂದವರಿಗೆ ಇಲ್ಲ ಅನ್ನಬಾರದು, ಉಣ್ಣುತ್ತಿದ್ದರೆ ತಟ್ಟೆ ಬಿಟ್ಟು ಏಳಬೇಕು, ಒಂದು ನಿಂಬೆಹಣ್ಣನ್ನೂ ತಗೊಳ್ಳಬಾರದು. ಮಂತ್ರ ಅವಳಿಗೆ ಅತ್ತೆಯಿಂದ ಬಂದದ್ದು. “ನಮ್ಮತ್ತಿ ಬಂಗಾರದ ಸರ ತನ್ನ ಮಗಳಿಗೆ ಕೊಟ್ಲು, ನನಗ ಇದನ್ನ ಕೊಟ್ಲು. ಸರ ಆಗಿದ್ರ ಪೆಟ್ಟಿಗ್ಯಾಗ ಇಟ್ಟು ಸುಮ್ನಿರ್ತಿದ್ನಿ” ಎಂದು ಅವಳೇ ನಗಾಡುತ್ತಾಳೆ.

ಸುದ್ದಿ ತಂದವರು ಕಂಬಕ್ಕೆ ಒರಗಿ ಕೂತಿರುವುದನ್ನು ನೋಡುತ್ತಲೇ ನಾನು ಬೆಳೆದೆ. ಹೋಂವರ್ಕ್ ಮಾಡುತ್ತ ಕದ್ದು ನೋಡುತ್ತಿದ್ದೆ. ಬಾಯಲ್ಲಿ ಬೇವು ಇಟ್ಟುಕೊಂಡು ಅಳುತ್ತಿದ್ದ ಗಂಡಸರನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಹೆಚ್ಚಿನವು ವಿಷವಿಲ್ಲದ ಹಾವುಗಳಿರುತ್ತಿದ್ದವು ಎಂದು ಈಗ ಗೊತ್ತು. ಅಂಥವರು ಸಂಜೆಯ ಹೊತ್ತಿಗೆ ಎದ್ದು ಕೂರುತ್ತಿದ್ದರು, ಆಯಿಯ ಹೆಸರು ಇನ್ನೆರಡು ಊರಿಗೆ ಹಬ್ಬುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಬೆಳವಣಕಿಯ ಕಡೆಯಿಂದ ಒಬ್ಬ ಬಂದ. ಅವನ ಅಕ್ಕನ ಗಂಡನಿಗೆ ಹತ್ತಿ ಬಿಡಿಸುವಾಗ ಕಚ್ಚಿತ್ತು. ಇವನು ನಮ್ಮ ಪಡಸಾಲೆಯಲ್ಲಿ ಕೂತ. ಅಲ್ಲಿ ಅವರು ನಿಯಮದಂತೆ ಆ ಮನುಷ್ಯನನ್ನು ಹೊಲದ ಬೇವಿನ ಗಿಡದ ನೆರಳಿಗೆ ಮಲಗಿಸಿ ಕಾದರು. ಹೊತ್ತು ಮುಳುಗುವ ಮುಂಚೆ ಇನ್ನೊಬ್ಬ ಬಂದು, ಬಾಗಿಲ ಹೊರಗೇ ನಿಂತು, “ಏಳಪಾ, ಸಾಕು” ಎಂದ. ಕೂತವನು ಎದ್ದು ಹೋದ. ಆಯಿ ದೇವರ ಜಗಲಿಯ ಮುಂದೆ ಕೂತಳು. ಅವ್ವ ಊಟಕ್ಕೆ ಕರೆದಾಗ, “ಹಣಿಬರಾ” ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದಳು. ಆ ವಿಷಯವನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಈಗ ನಾನು ಗಜೇಂದ್ರಗಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದೇನೆ. ಶನಿವಾರ ಪಾಠ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ಆಯಿಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ರೋಣದ ಬಸ್ಸು ಹತ್ತುತ್ತೇನೆ. ನಮ್ಮ ಊರು ರೋಣದಿಂದ ಹೊಳೆಆಲೂರಿಗೆ ಹೋಗುವ ದಾರಿಯ ಒಳಮಗ್ಗುಲಿಗಿದೆ. ಮನೆ ಮುಟ್ಟುವಷ್ಟರಲ್ಲಿ ಭಜಿ ಆರಿ ಮೆತ್ತಗಾಗಿರುತ್ತದೆ. ಆಯಿಗೆ ಹಲ್ಲಿಲ್ಲ, ಅವಳಿಗೆ ಹಾಗಿದ್ದರೇ ಚೆಂದ.

ಕಳೆದ ಸಲ ಕಡಲೆ ಕೀಳುವ ಕಾಲದಲ್ಲಿ ಹಾಗೆ ಊರಿಗೆ ಬಂದಿದ್ದೆ. ಭಾನುವಾರ ಮಧ್ಯಾಹ್ನ ಕಾಕಾನಿಗೆ ಬುತ್ತಿ ಒಯ್ದೆ. ಕಾಕಾ ನನ್ನ ಅಪ್ಪನ ತಮ್ಮ, ಆಯಿಯ ಕಿರಿಮಗ. ಮದುವೆಯನ್ನು ಮುಂದಿನ ಸುಗ್ಗಿಗೆ ಮುಂದಿನ ಸುಗ್ಗಿಗೆ ಎಂದು ಮುಂದೂಡುತ್ತ ತಲೆಯೆಲ್ಲ ನರೆತಿದೆ. ನನ್ನನ್ನು ದೂರದಿಂದಲೇ ಕಂಡು, “ಬರ್ರಿ ಬರ್ರಿ, ಮೇಡಂ ಅವ್ರು ಬಂದ್ರು! ಇವತ್ತ ಯಾವ ಪಾಠರಿ, ರೊಟ್ಟೀದೋ ಪಲ್ಯಾದ್ದೋ?” ಎಂದು ಕೂಗಿದ.

ಕಿತ್ತ ಕಡಲೆಯನ್ನು ಅಲ್ಲಲ್ಲಿ ಗುಪ್ಪೆ ಹಾಕಿದ್ದರು. ಗುಪ್ಪೆಗಳನ್ನು ಒಂದೆಡೆ ಕೂಡಿಸುತ್ತಿದ್ದ ಕಾಕಾ ಉಣ್ಣುವ ಮೊದಲು ಇದೊಂದು ಎತ್ತಿಬಿಡುತ್ತೇನೆ ಎಂದು ಕೊನೆಯದರ ಅಡಿಗೆ ಎರಡೂ ಕೈ ಹಾಕಿದ. ಕುಕ್ಕರು ಸೀಟಿ ಹೊಡೆಯುವ ಮೊದಲು ಬರುವಂಥ ಸದ್ದು ಕೇಳಿತು. ಕಾಕಾ ಕೈ ಎಳೆದುಕೊಂಡ. ಗುಪ್ಪೆ ಉರುಳಿದಾಗ ಹಾವು ಕಂಡಿತು. ದಪ್ಪ, ಗಿಡ್ಡ, ಮಣ್ಣಿನ ಬಣ್ಣ, ಬೆನ್ನ ಮೇಲೆ ಸರಪಳಿಯ ಕೊಂಡಿಗಳಂತೆ ಕಪ್ಪು ಗುರುತು. ಕೊಳಕಮಂಡಲ. ಅದು ಅವಸರವಿಲ್ಲದೆ ಬದುವಿನ ಕಡೆ ಹೋಯಿತು.

“ಕಡೀತ ನೋಡವಾ” ಎಂದ ಕಾಕಾ, ರೊಟ್ಟಿ ಪಾಠದ ಮಾತಾಡಿದ ದನಿಯಲ್ಲೇ. ಬಲಗೈಯ ಮಣಿಕಟ್ಟಿನ ಹತ್ತಿರ ಎರಡು ಕಡೆ ರಕ್ತ ಜಿನುಗುತ್ತಿತ್ತು.

ಕೂರಿಸಿದೆ. ಕೈ ಊದುವ ಮೊದಲೇ ಅವನ ಗಡಿಯಾರ ಬಿಚ್ಚಿದೆ, ಬೆರಳಿನ ಉಂಗುರ ಎಳೆಯತೊಡಗಿದೆ. “ಉಂಗುರ ಕಸಗೊಳ್ಳಾಕ ಇದ ಟೈಮ್ ಸಿಕ್ತೇನಬೇ ನಿನಗ?” ಎಂದ. ಪಕ್ಕದ ಹೊಲದ ಹೆಂಗಸರು ಓಡಿ ಬಂದರು. ಒಬ್ಬಳು ತಲೆಯ ವಸ್ತ್ರ ಬಿಚ್ಚಿ ತೋಳಿಗೆ ಬಿಗಿಯಾಗಿ ಕಟ್ಟಲು ಬಂದಳು, ಬೇಡ ಎಂದೆ. ಅಣ್ಣನಿಗೆ ಫೋನು ಮಾಡಿದೆ. ಆಂಬುಲೆನ್ಸು ರೋಣದಿಂದ ಬರಬೇಕು, ಅಷ್ಟರಲ್ಲಿ ನಮ್ಮ ಟಂಟಂ ಗಾಡಿಯೇ ರೋಣ ಮುಟ್ಟುತ್ತದೆ ಎಂದ ಅಣ್ಣ. ಕಡಲೆ ಚೀಲ ಹೇರುವ ಆ ಮೂರು ಗಾಲಿಯ ಗಾಡಿಯನ್ನು ಹೊಲದ ದಾರಿಯಲ್ಲಿ ಧೂಳೆಬ್ಬಿಸುತ್ತ ತಂದ.

ಕಾಕಾ ಏಳಲಿಲ್ಲ.

“ಅವ್ವಗ ಸುದ್ದಿ ಯಾರು ಒಯ್ತೀರಿ?” ಎಂದ.

“ಮೊದ್ಲ ಗಾಡಿ ಏರು ಕಾಕಾ.”

“ಏರಂಗಿಲ್ಲ. ಹಾವು ನೋಡಿದಾಕಿ ನೀನು, ನೀನ ಹೋಗಬೇಕು. ನೀ ಅವ್ವನ ಕಡೆ ಹೊಂಟ್ಯಂದ್ರ ನಾ ಗಾಡಿ ಏರ್ತೀನಿ. ಇಲ್ಲಾಂದ್ರ ಇಲ್ಲೇ ಕಡ್ಲಿ ತಿನಕೋತ ಕುಂತೆ.”

ನಾನು ಆಸ್ಪತ್ರೆಗೆ ಹೋಗಬೇಕೆಂದುಕೊಂಡಿದ್ದೆ. ಯಾವ ಹಾವು, ಎಷ್ಟು ಹೊತ್ತಾಯಿತು ಎಂದು ಡಾಕ್ಟರಿಗೆ ಸರಿಯಾಗಿ ಹೇಳಬಲ್ಲವಳು ನಾನೊಬ್ಬಳೇ ಅನ್ನಿಸಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಣ್ಣ, “ಏ ತಂಗೀ, ವಾದ ಮಾಡಾಕ ಇದು ಕಾಲೇಜಲ್ಲ. ಹೋಗಬೇ ನೀ” ಎಂದ. ಚಪ್ಪಲಿ ಬಿಟ್ಟೆ. ಕಾಕಾ ನನ್ನ ಪಾದಗಳನ್ನೇ ನೋಡುತ್ತಿದ್ದ. ಬರಿಗಾಲಾದದ್ದು ಖಾತ್ರಿಯಾದ ಮೇಲೆ ಅಣ್ಣನ ಹೆಗಲಿಗೆ ಎಡಗೈ ಹಾಕಿ ಎದ್ದ.

ಕಡಲೆ ಕಿತ್ತ ಹೊಲದಲ್ಲಿ ಬರಿಗಾಲಲ್ಲಿ ನಡೆಯುವುದು ಸುಲಭವಲ್ಲ. ಗಿಡದ ಹುಳಿ ಕಾಲಿನ ಸೀಳುಗಳಿಗೆ ತಾಗಿ ಉರಿಯುತ್ತದೆ. ಊರ ದಾರಿಗೆ ಬಂದಾಗ ಬಾವಿಕಟ್ಟೆಯ ಹತ್ತಿರ ಒಬ್ಬಳು, “ಯಾಕಬೇ, ಚಪ್ಪಲ್ ಎಲ್ಲಿ?” ಎಂದು ಕೇಳಿದಳು. ನಾನು ಉತ್ತರಿಸಲಿಲ್ಲ. ಅವಳಿಗೆ ಅರ್ಥವಾಯಿತು, ಬಾಯಿಗೆ ಸೆರಗು ಹಿಡಿದು ಸರಿದಳು. ಮುಂದೆ ಕೂತಿದ್ದ ಗಂಡಸರು ಎದ್ದು ದಾರಿ ಬಿಟ್ಟರು. ಒಬ್ಬನ ಮೊಬೈಲಿನಲ್ಲಿ ಹಾಡು ಬರುತ್ತಿತ್ತು, ಆರಿಸಿದ. ಊರಲ್ಲಿ ನನ್ನನ್ನು ಅಷ್ಟು ಗೌರವದಿಂದ ಯಾರೂ ನೋಡಿರಲಿಲ್ಲ. ಅದು ನನಗಲ್ಲ ಎಂದೂ ಗೊತ್ತಿತ್ತು.

ಆಯಿ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಿ ಮೊದಲು ನನ್ನ ಕಾಲು ನೋಡಿದಳು, ಆಮೇಲೆ ಮುಖ.

“ಯಾರಿಗೆ?”

ಬಂದವರನ್ನೆಲ್ಲ ಅವಳು ಕೇಳುವ ಮೊದಲ ಪ್ರಶ್ನೆ ಅದೇ.

“ಕಾಕಾಗ” ಎಂದೆ.

ಅವಳ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ಇತ್ತು. “ಯಾವ ಕೈ?” ಎಂದಳು. ಕೈಯೋ ಕಾಲೋ ಎಂದು ಕೇಳಬೇಕಿತ್ತು. ಕಡಲೆ ಗುಪ್ಪೆ ಎತ್ತಲು ಹೋದ ಮಗನಿಗೆ ಕಚ್ಚಿದ್ದರೆ ಕೈಗೇ ಎಂದು ಅವಳಿಗೆ ಹೊಳೆದಿರಬೇಕು.

“ಬಲಗೈ.”

“ಕುಂಡ್ರು.”

ಕಂಬದ ಬುಡದಲ್ಲಿ ಕೂತೆ. ಅವ್ವ ಅಡಿಗೆಮನೆಯಿಂದ ಬಂದವಳು ನನ್ನನ್ನು ಅಲ್ಲಿ ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಯಿ ಜಗಲಿಯ ದೀಪ ಹಚ್ಚಿ ವಿಭೂತಿ ತಂದಳು. ನನ್ನ ಬಲಗೈಗೆ ಮೊಣಕೈಯಿಂದ ಬೆರಳ ತುದಿಯವರೆಗೆ ಹಚ್ಚಿ, ತುಟಿ ಮಾತ್ರ ಅಲ್ಲಾಡಿಸುತ್ತ ನೀವತೊಡಗಿದಳು. ಬೇವಿನ ಟೊಂಗೆ ಮುಂದಿಟ್ಟಳು, ಎಡಗೈಯಿಂದ ಎಲೆ ಕಿತ್ತುಕೊಂಡೆ. ಅಗಿದೆ. ಯಾವ ರುಚಿಯೂ ಇರಲಿಲ್ಲ, ಕಾಗದ ಅಗಿದಂತಿತ್ತು. ಹೆದರಿಕೆಗೆ ಬಾಯಿ ಒಣಗಿದಾಗ ನಾಲಗೆಗೆ ರುಚಿ ತಿಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಆಯಿ ನನ್ನ ಮುಖವನ್ನೇ ನೋಡಿದಳು. ಕೇಳಲಿಲ್ಲ. ಅವಳು ಆ ಪ್ರಶ್ನೆ ಕೇಳದೆ ಬಿಟ್ಟದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಪಡಸಾಲೆ ತುಂಬಿತು. ಎದುರು ಮನೆಯ ಅಜ್ಜ ಕೋಲೂರಿಕೊಂಡು ಬಂದ. ಈ ನಿಯಮಗಳಲ್ಲಿ ಅವನು ಆಯಿಗಿಂತ ಗಟ್ಟಿ.

“ಎಲ್ಲಿ ಮಲಗಿಸ್ಯಾರ ಅವನ್ನ?” ಎಂದು ಕೇಳಿದ.

ನಾನು ಅವನಿಗೆ ಉತ್ತರಿಸುವಂತಿಲ್ಲ. ಆಯಿಗೆ ಹೇಳಿದೆ: “ಮಲಗಿಸಿಲ್ಲ ಆಯಿ. ಅಣ್ಣ ಗಾಡ್ಯಾಗ ರೋಣಕ್ಕ ಕರಕೊಂಡು ಹೊಂಟಾನ.”

ಅಜ್ಜ ಕೋಲು ನೆಲಕ್ಕೆ ಕುಟ್ಟಿದ. “ಸುದ್ದಿ ತಂದಾಕಿ ಕುಂತಾಳ, ಅವ ಹಳ್ಳ ದಾಟಿದಂದ್ರ ಮುಗೀತು! ಫೋನ್ ಹಚ್ರಿ, ಗಾಡಿ ತಿರುಗಸ್ರಿ.”

“ಹಳ್ಳದಾಗ ನೀರ ಇಲ್ಲಲ್ರಿ ಮಾವ” ಎಂದಳು ಅವ್ವ.

“ನೀರಿಲ್ಲದ ಹಳ್ಳಾನೂ ಹಳ್ಳನ.”

ಯಾರೋ ಅಣ್ಣನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಅಣ್ಣನ ದನಿ ಅಳುವವನ ದನಿಯಂತಿತ್ತು. “ಹಳ್ಳದ ಪೂಲಿನ ಈಚೆ ನಿಂತೀವಿ. ಕಾಕಾ ದಾಟಾಕ ಒಲ್ಲೆ ಅನ್ನಾಕತ್ತಾನ. ಕೈ ಮೊಣಕೈತನ ಊದೈತಿ. ಅವ್ವನ್ನ ಕೇಳು, ಅವ್ವ ಅಂದ್ರಷ್ಟ ದಾಟ್ತೀನಿ ಅಂತಾನ. ಆಯಿ ಏನಂತಾಳ? ಲಗೂ ಹೇಳ್ರಿ!”

ಎಲ್ಲರೂ ಆಯಿಯ ಕಡೆ ತಿರುಗಿದರು. ಅವಳ ಕೈ ನನ್ನ ಮುಂಗೈ ಮೇಲೆ ನಿಂತಿತ್ತು. ನಾನು ಅವಳಿಗಷ್ಟೇ ಕೇಳುವಂತೆ, “ಕಳಸು ಆಯಿ” ಎಂದೆ. ಅವಳು ನನ್ನನ್ನು ನೋಡಲಿಲ್ಲ. ಜಗಲಿಯ ಕಡೆ ನೋಡಿದಳು, ತನ್ನ ಅತ್ತೆಯ ಫೋಟೊ ಇರುವ ಗೋಡೆಯ ಕಡೆ ನೋಡಿದಳು. ಆ ನಿಯಮಗಳಿಗಾಗಿ ಅವಳು ಉಣ್ಣುವ ತಟ್ಟೆ ಬಿಟ್ಟು ಎದ್ದ ದಿನಗಳನ್ನೆಲ್ಲ ನಾನು ಬಲ್ಲೆ. ಸೇತುವೆಯ ಈಚೆ ನಿಂತಿದ್ದವನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗ.

ಆಗ ನಮ್ಮ ಓಣಿಯ ಒಬ್ಬಳು ಚೀರಿದಳು. “ಯವ್ವಾ, ಇಕಿ ಕೈ ನೋಡ್ರಿ!”

ನನ್ನ ಬಲಗೈ ಮೊಣಕೈಯಿಂದ ಬೆರಳವರೆಗೆ ಕೆಂಪಾಗಿತ್ತು. ಆಗಲೇ ಉರಿಯುತ್ತಲೂ ಇತ್ತು. ಗಾಬರಿಯಲ್ಲಿ ಆಯಿ ಕೈ ತೊಳೆಯದೆ ವಿಭೂತಿ ಹಿಡಿದಿದ್ದಳು. ಬೆಳಗಿನಿಂದ ಬಿಡಿಸಿದ ಮೆಣಸಿನಕಾಯಿಯ ಖಾರವೆಲ್ಲ ಮಂತ್ರದ ಜೊತೆ ನನ್ನ ತೋಳಿಗೆ ಹತ್ತಿತ್ತು. ಆ ಖಾರ ಯಾವ ರಾಸಾಯನಿಕ, ಚರ್ಮಕ್ಕೆ ಏನು ಮಾಡುತ್ತದೆ ಎಂದು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ಆದರೆ ಕೂತವಳು ಚೀರಿದವರಿಗೆ ಉತ್ತರಿಸುವಂತಿರಲಿಲ್ಲ.

“ವಿಷ ಇಕಿ ಕೈಗೆ ಬಂದೈತಿ” ಎಂದಳು ಇನ್ನೊಬ್ಬಳು. ಎದುರು ಮನೆಯ ಅಜ್ಜನೂ ಬಾಗಿ ನೋಡಿ, “ಖರೇನ, ಇಷ್ಟ ಲಗೂ ಬಂದದ್ದು ನಾ ನೋಡಿಲ್ಲ” ಎಂದ.

ಆಯಿ ನನ್ನ ತೋಳು ನೋಡಿದಳು. ತನ್ನ ಅಂಗೈ ನೋಡಿಕೊಂಡಳು. ನಿಧಾನಕ್ಕೆ ಹೇಳಿದಳು:

“ವಿಷ ಇಕಿ ಮೈಯಾಗ ಬಂತಂದ್ರ ನೆಲ ಬಿಡಬಾರದಾಕಿ ಇಕಿ. ಅವನ ಮೈ ಎಲ್ಲಿ ಹೋದ್ರೇನು?”

“ಅಲ್ಲವಾ, ಹಿಂದ ಹಿಂಗ ಮಾಡಿಲ್ಲ” ಎಂದ ಅಜ್ಜ.

“ಹಿಂದ ಟಂಟಂ ಇದ್ದಿಲ್ಲ.”

ಫೋನು ಇಸಿದುಕೊಂಡು ಬಾಯಿಗೆ ತೀರ ಹತ್ತಿರ ಹಿಡಿದು ಕೂಗಿದಳು. “ಏ ತಮ್ಮಾ, ಅವಗ ಹೇಳು, ಅವ್ವ ದಾಟಂದಾಳ ಅಂತ. ವಿಷ ಇಲ್ಲೇ ನನ್ನ ಮುಂದ ಕುಂತೈತಿ, ಎಲ್ಲಿಗೂ ಹೋಗಂಗಿಲ್ಲ. ಬರೇ ಮೈ ಒಯ್ದು ಡಾಕ್ಟರಗ ಒಪ್ಪಸ್ರಿ. ಹೋಗ್ರಿ!”

ಗಾಡಿ ಶುರುವಾದ ಸದ್ದು ಎಲ್ಲರಿಗೂ ಕೇಳಿತು. ಆಯಿ ಫೋನು ಕೆಳಗಿಟ್ಟು ಮತ್ತೆ ನನ್ನ ತೋಳು ನೀವತೊಡಗಿದಳು. ಕೈ ತೊಳೆದುಕೋ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ರೋಣದ ದವಾಖಾನೆಯಿಂದ ಅಣ್ಣನ ಫೋನು ಬಂತು. ಕಾಕಾನಿಗೆ ಸರಿಯಾಗಿ ಮಾತಾಡಲು ಆಗುತ್ತಿಲ್ಲ, ಡಾಕ್ಟರು ಹಾವು ನೋಡಿದವರ ಜೊತೆ ಮಾತಾಡಬೇಕಂತೆ. ಅವ್ವ ಫೋನು ನನ್ನ ಕಿವಿಗೆ ಹಿಡಿಯಲು ಬಂದಳು. ಅಜ್ಜ ಕೋಲು ಅಡ್ಡ ಹಿಡಿದ. “ಕುಂತಾಕಿ ಮಾತಾಡೂಹಂಗಿಲ್ಲ.”

ಆಯಿ ಫೋನು ತನ್ನ ಕಿವಿಗಿಟ್ಟುಕೊಂಡಳು. “ನನಗ ಹೇಳ್ರಿ ಡಾಕ್ಟರ, ನಾ ಅಕೀನ್ನ ಕೇಳ್ತೀನಿ.”

ಡಾಕ್ಟರು ಮೈಸೂರಿನ ಕಡೆಯ ಹೆಣ್ಣುಮಗಳು. ಸ್ಪೀಕರಿನಲ್ಲಿ ಅವಳ ದನಿ ಪಡಸಾಲೆಗೆಲ್ಲ ಕೇಳುತ್ತಿತ್ತು. “ಅಜ್ಜಿ, ನೋಡಿದವರಿಗೇ ಕೊಡಿ. ತುಂಬ ಅರ್ಜೆಂಟು.”

“ಅಕಿ ನನ್ನ ಕೂಡ ಅಷ್ಟ ಮಾತಾಡ್ತಾಳ್ರಿ. ನೀವು ಕೇಳ್ರಿ, ತಡ ಮಾಡಬ್ಯಾಡ್ರಿ.”

“ಸರಿ. ಹಾವು ಹೇಗಿತ್ತು?”

ಆಯಿ ನನ್ನ ಕಡೆ ತಿರುಗಿದಳು. ನಾನು ಹೇಳಿದೆ. ಅವಳು ಒಂದೊಂದೇ ಮಾತನ್ನು ಫೋನಿಗೆ ದಾಟಿಸಿದಳು, ಬೆನ್ನಿನ ಸರಪಳಿ, ಕುಕ್ಕರಿನ ಸದ್ದು ಎಲ್ಲವನ್ನೂ. ಕಚ್ಚಿ ಎಷ್ಟು ಹೊತ್ತಾಯಿತು, ಬಿಪಿ ಗುಳಿಗೆ ತಗೊಳ್ಳುತ್ತಾನೆಯೇ, ಮೊದಲು ಯಾವುದಾದರೂ ಇಂಜೆಕ್ಷನ್ನು ಒಗ್ಗದೆ ಮೈಮೇಲೆ ಗಂದೆ ಎದ್ದಿದ್ದವೇ ಎಂದು ಡಾಕ್ಟರು ಕೇಳಿದಳು. ಕೊನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಯಿ ತಾನೇ, “ಇಲ್ರಿ, ಸಣ್ಣಾವಿದ್ದಾಗಿಂದ ಅವಗೇನೂ ಆಗಿಲ್ಲ” ಎಂದಳು.

“ನೀವು ನಾಟಿ ಔಷಧಿಯವರಂತೆ. ಗಾಯ ಕೊಯ್ದಿರಾ? ಕಟ್ಟಿದಿರಾ? ಏನಾದರೂ ಹಚ್ಚಿದಿರಾ?”

“ನಾ ಅವನ್ನ ಮುಟ್ಟೇ ಇಲ್ರಿ.”

“ಬಹಳ ಒಳ್ಳೆಯ ಕೆಲಸ ಮಾಡಿದಿರಿ ಅಜ್ಜಿ” ಎಂದಳು ಡಾಕ್ಟರು.

ಆಯಿ ಫೋನು ಅವ್ವನಿಗೆ ಕೊಟ್ಟು ಎದುರು ಮನೆಯ ಅಜ್ಜನನ್ನು ನೋಡಿದಳು. ಆ ನೋಟ ಈಗ ನೆನೆದರೂ ನಗು ಬರುತ್ತದೆ. ಆಗ ನಗುವ ಸ್ಥಿತಿ ಇರಲಿಲ್ಲ. ರೋಣದಲ್ಲಿ ಹಾವಿನ ಇಂಜೆಕ್ಷನ್ನಿನ ಮೊದಲ ಸರದಿ ಶುರು ಮಾಡಿ ಆಂಬುಲೆನ್ಸಿನಲ್ಲಿ ಗದಗಿಗೆ ಕಳಿಸಿದರು. ವಸಡಿನಿಂದ ರಕ್ತ ಬರುತ್ತಿದೆ ಎಂದು ಅಣ್ಣ ಅವ್ವನಿಗಷ್ಟೇ ಹೇಳಿದ. ಅವ್ವನ ಮುಖದಿಂದ ಅದು ಎಲ್ಲರಿಗೂ ಗೊತ್ತಾಯಿತು.

ನಾನು ಕೂತೇ ಇದ್ದೆ. ಗಜೇಂದ್ರಗಡದ ನನ್ನ ಕೋಣೆಯಲ್ಲಿ ಕಿಟಕಿಯ ಪರದೆ ಸರಿಸದೆ ಇರುವವಳು ನಾನು. ಇಲ್ಲಿ ಇಡೀ ಊರು ಬಂದು ನನ್ನ ತೋಳು ನೋಡಿ ಹೋಗುತ್ತಿತ್ತು. “ಸೆಳೀತೈತೇನವಾ?” ಎಂದು ನನ್ನನ್ನು ಕೇಳಿ, ತಕ್ಷಣ ನಾಲಗೆ ಕಚ್ಚಿಕೊಂಡು ಆಯಿಯನ್ನು ಕೇಳುತ್ತಿದ್ದರು. ಒಬ್ಬ ಮುದುಕಿ ನನ್ನ ಹಣೆ ಮುಟ್ಟಿ, “ಬಂಗಾರದಂಥಾ ಹುಡುಗಿ, ಕಾಕಾನ ವಿಷ ತಾ ಹೊತ್ತಾಳ” ಎಂದು ಕಣ್ಣೊರೆಸಿಕೊಂಡಳು. ಎಂದೂ ನಾನು ಯಾವುದನ್ನೂ ಹೊತ್ತವಳಲ್ಲ. ಬಲಗೈ ಬಳಸುವಂತಿರಲಿಲ್ಲವಾದ್ದರಿಂದ ಅವ್ವ ಚಿಕ್ಕ ಮಗುವಿಗೆ ಕುಡಿಸುವಂತೆ ನೀರು ಕುಡಿಸಿದಳು. ಆಯಿ ಏನನ್ನೂ ಮುಟ್ಟಲಿಲ್ಲ. ಆ ರಾತ್ರಿ ನನ್ನ ಮಗ್ಗುಲಲ್ಲೇ ಗೋಡೆಗೊರಗಿದ್ದಳು. ನನ್ನ ಕೈ ಹಿಡಿದಿದ್ದಳು. ಅದು ಮಂತ್ರಕ್ಕೋ ಭಯಕ್ಕೋ ಎಂದು ಹೇಳಲಾರೆ.

ಬೆಳಗಾಗುವಷ್ಟರಲ್ಲಿ ನನ್ನ ತೋಳಿನ ಕೆಂಪು ಹೋಗಿತ್ತು. ಅಜ್ಜ ಬಂದು ನೋಡಿ, “ಇಳದೈತಿ” ಎಂದು ಊರಿಗೆಲ್ಲ ಸಾರಿದ. ಗದಗಿನಿಂದ ಮಾತ್ರ ಸುದ್ದಿಯಿರಲಿಲ್ಲ. ಮಧ್ಯಾಹ್ನ ಅಣ್ಣ ಫೋನು ಮಾಡಿದ. ರಕ್ತ ಹೆಪ್ಪುಗಟ್ಟತೊಡಗಿದೆ, ಮೂತ್ರಪಿಂಡಕ್ಕೆ ತೊಂದರೆಯಾಗಿಲ್ಲ, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದರಂತೆ. ಹಿಂದೆಯೇ ಕಾಕಾನ ಕ್ಷೀಣ ದನಿ. “ಅಕಿ ಇನ್ನ ಕುಂತಾಳೇನು? ಎಬ್ಬಸ್ರಿ ಅಕೀನ್ನ. ನಾಳಿ ಪಾಠ ಐತಿ ಅಕಿಗೆ.”

ಆಯಿ ನನ್ನ ಎರಡೂ ಕೈ ಹಿಡಿದು ಎಬ್ಬಿಸಿದಳು. ಕಾಲು ಜೋಮು ಹಿಡಿದಿತ್ತು. ಇಬ್ಬರೂ ಬೀಳುವುದರಲ್ಲಿದ್ದೆವು, ಅವ್ವ ಹಿಡಿದಳು. ಆಮೇಲೆ ಆಯಿ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಕಾಕಾ ಊರಿಗೆ ಬಂದಾಗ ಕೈ ಇನ್ನೂ ದಪ್ಪಗಿತ್ತು. ನೋಡಲು ಬಂದವರೆಲ್ಲ ಯಾವುದರಿಂದ ಉಳಿದೆ ಎಂದು ಕೇಳುತ್ತಿದ್ದರು. “ಇಂಜೆಕ್ಷನ್ ಡಾಕ್ಟರದು, ಮಂತ್ರ ಅವ್ವಂದು, ಕುಂತಿದ್ದು ಮೇಡಂ ಅವರದು. ಕಡಿಸಿಕೊಂಡಿದ್ದು ಅಷ್ಟ ನಂದು” ಎನ್ನುತ್ತಿದ್ದ. ಇಂಜೆಕ್ಷನ್ನಿನಿಂದ ಎಂದು ನಾನು ಒಮ್ಮೆ ಹೇಳಿದೆ. “ಹೌದಲಾ, ಅದನ್ನ ಮೊದ್ಲ ಹೇಳೀನಲ್ಲ” ಎಂದ.

ಒಂದು ಶನಿವಾರ ಆಯಿ ಭಜಿ ತಿನ್ನುತ್ತಿದ್ದಾಗ ಮನೆಯಲ್ಲಿ ನಾವಿಬ್ಬರೇ ಇದ್ದೆವು. “ಆಯಿ, ಅವತ್ತ ನನ್ನ ಕೈ ಕೆಂಪಾಗಿದ್ದು ಮೆಣಸಿನಕಾಯಿಂದ” ಎಂದೆ.

“ಖಾರಾನೂ ದೇವರ ಕೊಟ್ಟದ್ದು” ಎಂದಳು. ಭಜಿ ಮುರಿದು ಬಾಯಿಗಿಟ್ಟುಕೊಂಡು ನಿಧಾನ ತಿಂದಳು. ಆಮೇಲೆ ಅವಳೇ ಮಾತು ತೆಗೆದಳು.

“ಆ ಬೆಳವಣಕಿ ಮನಶ್ಯಾ ಇದ್ದನಲ್ಲ. ಅವಂಗೂ ಹಿಂಗ ಅನಬಹುದಿತ್ತು. ವಿಷ ಇಲ್ಲೈತಿ, ಮೈ ಒಯ್ರಿ ಅಂತ. ನೇಮ ಏನೂ ಅಡ್ಡ ಬರ್ತಿದ್ದಿಲ್ಲ.” ಎಣ್ಣೆಯಾದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ನನಗ ಹೊಳೀಲೇ ಇಲ್ಲ. ನನ್ನ ಮಗಗ ಕಡದಾಗ ಹೊಳೀತು.”

ನಾನು ಅವಳ ತಟ್ಟೆಯಲ್ಲಿ ಉಳಿದಿದ್ದ ಭಜಿಯಲ್ಲಿ ಅರ್ಧ ತಗೊಂಡು ತಿಂದೆ.

ಹೆಸರುಕಾಯಿ ಬಿಡಿಸುವ ಕಾಲಕ್ಕೆ ಮತ್ತೆ ಊರಲ್ಲಿದ್ದೆ. ನರಗುಂದದ ಕಡೆಯ ಹಳ್ಳಿಯಿಂದ ಕೂಲಿಗೆ ಬಂದಿದ್ದ ಒಬ್ಬ ಬರಿಗಾಲಲ್ಲಿ ಓಡಿ ಬಂದ. ಊರ ಮಗ್ಗುಲ ಹೊಲದಲ್ಲೇ ಅವನ ಹೆಂಡತಿಗೆ ಕಚ್ಚಿತ್ತು. ಆಯಿ ಹೊಸ್ತಿಲ ಒಳಗೆ ನಿಂತಿದ್ದಳು. ಯಾರಿಗೆ, ಯಾವ ಕಾಲು ಎಂದು ಕೇಳಲಿಲ್ಲ.

“ಗಾಡ್ಯಾಗ ಹಾಕೀರೇನು?”

“ಇಲ್ಲಬೇ, ಹೊಲದಾಗ ಮಲಗಿಸೀವಿ. ನಾ ಸುದ್ದಿ ತಂದೀನಿ, ಕುಂಡ್ರಸ್ರಿ ನನ್ನ.”

“ಮೊದ್ಲ ಅಕೀನ್ನ ಗಾಡ್ಯಾಗ ಹಾಕ್ರಿ.”

“ಅಂಜಾಕತ್ತಾಳ್ರಿ ಅಕಿ. ನೀವು ಇಲ್ಲ ಅನ್ನೂಹಂಗಿಲ್ಲ!”

“ಈಗ ಅಂದ್ನಿ. ಹೋಗು!”

ಅವನು ನಂಬಲಾರದೆ ನಿಂತಿದ್ದ. ಆಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು, ಆದರೆ ಜಾಗ ಬಿಡಲಿಲ್ಲ. ಕಾಕಾ ಒಳಗಿನಿಂದ ಬಂದು, “ಬಾರೋ ತಮ್ಮಾ, ನಾ ಬರ್ತೀನಿ” ಎಂದು ಅವನನ್ನು ಟಂಟಂಗೆ ಹತ್ತಿಸಿಕೊಂಡು ಹೋದ. ಎದುರು ಮನೆಯ ಅಜ್ಜ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದ, ಈ ಸಲ ಕೋಲು ಕುಟ್ಟಲಿಲ್ಲ. ಆಯಿ ಒಳಗೆ ಬಂದು ನೆಲದ ಮೇಲೆ ಕೂತಳು. ಹಾಕಿಟ್ಟಿದ್ದ ಊಟ ಆರಿತು. “ನಮ್ಮತ್ತಿ ಏನಂತಾಳೋ” ಎಂದು ಒಮ್ಮೆ ಮೆಲ್ಲಗೆ ಅಂದಳು, ನನಗಲ್ಲ.

ಹೊತ್ತು ಇಳಿಯುವಾಗ ಕಾಕಾನ ಫೋನು ಬಂತು. ನಾನು ಸ್ಪೀಕರಿಗೆ ಹಾಕಿ ಆಯಿಯ ಮುಂದೆ ಹಿಡಿದೆ. ರೋಣದಲ್ಲಿ ಇಂಜೆಕ್ಷನ್ನು ನಡೆದಿದೆ, ಆ ಹೆಣ್ಣುಮಗಳು ಕಣ್ಣು ಬಿಟ್ಟು ಮಾತಾಡುತ್ತಿದ್ದಾಳೆ ಎಂದ.

“ಹಳ್ಳ ದಾಟೂಮುಂದ ಅಂಜಿದ್ಲೇನು?” ಎಂದು ಕೇಳಿದಳು ಆಯಿ.

“ಭಾಳ ಅಂಜಿದ್ಲು. ಗಾಡಿಯಿಂದ ಇಳೀತೀನಿ ಅಂತ ಅಳಾಕತ್ಲು. ನಾ ಕೈ ತೋರಿಸಿ ಹೇಳ್ದೆ, ನನಗೂ ನಮ್ಮವ್ವ ಇಲ್ಲೇ ದಾಟಂದಿದ್ಲು, ನಿನಗೂ ಅಂದಾಳ ಅಂತ. ಆಮ್ಯಾಲ ಸುಮ್ನ ಕುಂತ್ಲು.”

“ಹೂಂ, ಚಲೋ ಹೇಳಿದಿ” ಎಂದಳು ಆಯಿ. ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, ಸಾರು ಬಿಸಿ ಮಾಡಿ ತಾ ಎಂದು ನನಗೆ ಸನ್ನೆ ಮಾಡಿದಳು.